ಓಟು ಹೆಚ್ಚು ಯಾರಿಗೆ, ಸೀಟು ಹೆಚ್ಚು ಯಾರಿಗೆ?

2018ರ ಮೇ 15ರಂದು ವಿಧಾನಸಭೆಯ ಫಲಿತಾಂಶ ಹೊರಬಿದ್ದ ಮೇಲೆ ಯಾದಗಿರಿ ಸೀಮೆಯ ಹಳ್ಳಿಕಟ್ಟೆಗಳಲ್ಲಿ ಒಂದು ಪ್ರಶ್ನೆ ಹಲವು ದಿನ ಓಡಾಡಿತು. ‘ಓಟು ಕಾಂಗ್ರೆಸ್ಸಿಗೇ ಹೆಚ್ಚು ಬಿದ್ದಾವಂತ, ಸೀಟು ಬಿಜೆಪಿಗೆ ಹೆಚ್ಚು ಹ್ಯಾಂಗ ಬಂದ್ವುರಿ?’ ಕೇಳಿದವರು ಯಾವ ಪಕ್ಷದವರೇ ಇರಲಿ, ಪ್ರಶ್ನೆ ನ್ಯಾಯವಾದದ್ದೇ. ಆ ಸಲ ಕಾಂಗ್ರೆಸ್ಸಿಗೆ ಶೇ 38ರಷ್ಟು ಮತ ಬಿದ್ದಿತ್ತು, ಬಿಜೆಪಿಗೆ ಶೇ 36ರಷ್ಟು. ಇಡೀ ರಾಜ್ಯದ ಲೆಕ್ಕ ಹಾಕಿದರೆ ಕಾಂಗ್ರೆಸ್ಸಿಗೆ ಸುಮಾರು ಆರೂವರೆ ಲಕ್ಷ ಓಟು ಮುಂದಿದ್ದವು. ಆದರೆ ಎಣಿಕೆ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ 104 ಗೆದ್ದಿತು, ಕಾಂಗ್ರೆಸ್ 78ಕ್ಕೆ ನಿಂತಿತು. ಕಟ್ಟೆಯ ಮೇಲೆ ಅವತ್ತು ಸಿಕ್ಕ ಉತ್ತರಗಳು ಎರಡೇ: ‘ಮಷೀನಿನಾಗ ಏನೋ ಮಾಡ್ಯಾರ’ ಎನ್ನುವುದು ಒಂದು, ‘ಹಣೆಬರಹ’ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಇದು ನಮ್ಮ ಚುನಾವಣಾ ಪದ್ಧತಿಯೇ ಕೊಡುವ ಫಲ. ಅದು ಹೊಸದೂ ಅಲ್ಲ, ಅಪರೂಪವೂ ಅಲ್ಲ.

1983ರಿಂದ 2023ರವರೆಗಿನ ನಲವತ್ತು ವರ್ಷಗಳಲ್ಲಿ ಕರ್ನಾಟಕ ಹತ್ತು ವಿಧಾನಸಭಾ ಚುನಾವಣೆಗಳನ್ನು ಕಂಡಿದೆ. ಅವುಗಳಲ್ಲಿ ನಾಲ್ಕರಲ್ಲಿ, ಅಂದರೆ 1983, 2004, 2008 ಮತ್ತು 2018ರಲ್ಲಿ, ಅತಿ ಹೆಚ್ಚು ಮತ ಪಡೆದ ಪಕ್ಷ ಅತಿ ಹೆಚ್ಚು ಸ್ಥಾನ ಪಡೆಯಲಿಲ್ಲ. ಹತ್ತರಲ್ಲಿ ನಾಲ್ಕು ಎಂದರೆ ಆಕಸ್ಮಿಕ ಎಂದು ತಳ್ಳಿಹಾಕುವ ಸಂಖ್ಯೆಯಲ್ಲ. ಅಮೆರಿಕದಲ್ಲಿ 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್ ಹೆಚ್ಚು ಓಟು ಪಡೆದೂ ಸೋತದ್ದನ್ನು ನಮ್ಮ ಪತ್ರಿಕೆಗಳು ವಾರಗಟ್ಟಲೆ ಚರ್ಚಿಸಿದವು. ನಮ್ಮ ಮನೆಯಲ್ಲೇ ನಾಲ್ಕು ಸಲ ಆದದ್ದರ ಬಗ್ಗೆ ಅದರ ಕಾಲುಭಾಗ ಚರ್ಚೆಯೂ ಆಗಿಲ್ಲ.

ಆ ನಾಲ್ಕನ್ನೂ ಒಂದೊಂದಾಗಿ ನೋಡಬೇಕು, ಯಾಕೆಂದರೆ ನಾಲ್ಕೂ ಒಂದೇ ಬಗೆಯವಲ್ಲ.

1983ರದು ರಾಜ್ಯದ ರಾಜಕೀಯದ ದಿಕ್ಕನ್ನೇ ಬದಲಿಸಿದ ಚುನಾವಣೆ. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದು ಆಗ. ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದೂ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು. ಜನ ಕಾಂಗ್ರೆಸ್ಸನ್ನು ಕಿತ್ತೊಗೆದರು ಎಂದೇ ನಾವೆಲ್ಲ ಓದಿದ್ದೇವೆ, ಬರೆದಿದ್ದೇವೆ. ಲೆಕ್ಕ ಹೇಳುವುದು ಬೇರೆ. ಕಾಂಗ್ರೆಸ್ಸಿಗೆ ಶೇ 40.42, ಜನತಾ ಪಕ್ಷಕ್ಕೆ ಶೇ 33.07. ಏಳು ಅಂಶಗಳಷ್ಟು ಹಿಂದಿದ್ದ ಜನತಾ ಪಕ್ಷ 95 ಸ್ಥಾನ ಗೆದ್ದಿತು, ಕಾಂಗ್ರೆಸ್ 82. ಬಿಜೆಪಿ ತನ್ನ 18 ಶಾಸಕರೊಂದಿಗೆ ಹೊರಗಿನಿಂದ ಬೆಂಬಲ ಕೊಟ್ಟಿತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಇದನ್ನು ಅನ್ಯಾಯ ಎನ್ನಬೇಕೆ? ಅವಸರ ಬೇಡ. ಕಾಂಗ್ರೆಸ್ಸಿಗೆ ಬೀಳದ ಮತಗಳು ಶೇ 60ರ ಹತ್ತಿರ ಇದ್ದವು. ಆ ಮತಗಳನ್ನು ಪ್ರತಿನಿಧಿಸುವವರು ಸೇರಿ ಸರ್ಕಾರ ಮಾಡಿದರು. ಅದೇ ಸರ್ಕಾರ ಸಚಿವ ನಜೀರ್ ಸಾಬರ ಕೈಯಲ್ಲಿ ಪಂಚಾಯತ್ ರಾಜ್ಯದ ಹೊಸ ಕಾನೂನು ತಂದಿತು, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ಕಟ್ಟಿತು, ಅವುಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ಅಧಿಕಾರದ ಕುರ್ಚಿಯ ಮೇಲೆ ಕೂತದ್ದು ಆ ಕಾನೂನಿನ ದೆಸೆಯಿಂದ. ಹಾಗಾಗಿ ಮತ ಕಡಿಮೆ ಬಂದವರ ಸರ್ಕಾರ ಕೆಟ್ಟದ್ದೇ ಆಗಬೇಕೆಂದಿಲ್ಲ. ಆದರೆ ಆ ಸರ್ಕಾರ ಹೇಗೆ ಬಂತು ಎಂಬುದನ್ನು ಮರೆಯಬೇಕೆಂದೂ ಇಲ್ಲ.

2004ರಲ್ಲಿ ಕಾಂಗ್ರೆಸ್ ಶೇ 35.27 ಮತ ಪಡೆದು 65 ಸ್ಥಾನ ಗೆದ್ದಿತು. ಬಿಜೆಪಿ ಶೇ 28.33 ಮತಕ್ಕೆ 79 ಸ್ಥಾನ. ಬಿಜೆಪಿ ಎಲ್ಲ ಕಡೆ ನಿಂತಿರಲಿಲ್ಲ, ಕೆಲವನ್ನು ಮಿತ್ರಪಕ್ಷ ಸಂಯುಕ್ತ ಜನತಾದಳಕ್ಕೆ ಬಿಟ್ಟುಕೊಟ್ಟಿತ್ತು. ಅದರ ಮತ ಕೂಡಿಸಿದರೂ ಕಾಂಗ್ರೆಸ್ಸಿನ ಸಮಕ್ಕೆ ಬರುವುದಿಲ್ಲ. ಜಾತ್ಯತೀತ ಜನತಾದಳ (ಜೆಡಿಎಸ್) 58 ಗೆದ್ದು ಕೀಲಿಕೈ ಹಿಡಿದುಕೊಂಡಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ, ನಮ್ಮ ಪಕ್ಕದ ಜೇವರ್ಗಿಯ ಧರ್ಮಸಿಂಗ್ ಮುಖ್ಯಮಂತ್ರಿಯಾದರು. ಇಪ್ಪತ್ತು ತಿಂಗಳಲ್ಲಿ ಆ ಸರ್ಕಾರ ಬಿತ್ತು.

2008ರದು ಹತ್ತಿರದ ಪಂದ್ಯ. ಕಾಂಗ್ರೆಸ್ ಶೇ 34.76, ಬಿಜೆಪಿ ಶೇ 33.86. ಒಂದು ಅಂಶಕ್ಕೂ ಕಡಿಮೆ ಅಂತರ. ಸ್ಥಾನಗಳಲ್ಲಿ ಮಾತ್ರ 80ಕ್ಕೆ 110. ಬಹುಮತಕ್ಕೆ ಮೂರು ಕಡಿಮೆ ಇದ್ದ ಬಿಜೆಪಿ ಪಕ್ಷೇತರರನ್ನು ಕೂಡಿಸಿಕೊಂಡು ದಕ್ಷಿಣ ಭಾರತದಲ್ಲಿ ತನ್ನ ಮೊದಲ ಸ್ವಂತ ಸರ್ಕಾರ ಮಾಡಿತು. ಅದೇ ಚುನಾವಣೆಯಲ್ಲಿ ಧರ್ಮಸಿಂಗ್ ಜೇವರ್ಗಿಯಲ್ಲಿ 70 ಮತಗಳಿಂದ ಸೋತರು. 2018ರ ಕತೆಯನ್ನು ಮೊದಲೇ ಹೇಳಿದ್ದೇವೆ. ಆಗಲೂ ನಮ್ಮ ನೆರೆಯ ಮಸ್ಕಿಯಲ್ಲಿ ಸೋಲು ಗೆಲುವಿನ ನಡುವೆ ಇದ್ದದ್ದು 213 ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದದ್ದು, 2023ರಲ್ಲಿ ಬೆಂಗಳೂರಿನ ಜಯನಗರ 16 ಮತಕ್ಕೆ ತೀರ್ಮಾನವಾದದ್ದು ಎಲ್ಲರಿಗೂ ನೆನಪಿರುತ್ತದೆ. ಒಂದು ಮತದಿಂದ ಗೆದ್ದರೂ ಒಂದು ಸೀಟು, ಒಂದು ಲಕ್ಷದಿಂದ ಗೆದ್ದರೂ ಒಂದೇ ಸೀಟು. ರಾಜ್ಯದ ಒಟ್ಟು ಮತಕ್ಕೂ ಒಟ್ಟು ಸ್ಥಾನಕ್ಕೂ ನಡುವೆ ಬಿರುಕು ಹುಟ್ಟುವುದು ಇಲ್ಲೇ.

ಇಷ್ಟು ಓದಿದವರು, ಪ್ರತಿ ಸಲ ಹೆಚ್ಚು ಮತ ಪಡೆದೂ ಹಿಂದೆ ಬಿದ್ದದ್ದು ಕಾಂಗ್ರೆಸ್ಸೇ ತಾನೆ, ಇದು ಆ ಪಕ್ಷದ ಪರ ವಕಾಲತ್ತೇ ಎಂದು ಕೇಳಬಹುದು. ಅಲ್ಲ. ಇದೇ ಪದ್ಧತಿ ಕಾಂಗ್ರೆಸ್ಸಿಗೆ ಕೊಟ್ಟದ್ದನ್ನೂ ನೋಡಿ. 1985ರಲ್ಲಿ ಕಾಂಗ್ರೆಸ್ ಶೇ 40.82 ಮತ ಪಡೆದು 65 ಸ್ಥಾನಕ್ಕೆ ಇಳಿದಿತ್ತು. 1989ರಲ್ಲಿ ಚಿಂಚೋಳಿಯ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಅದರ ಮತ ಶೇ 43.76ಕ್ಕೆ ಏರಿತು. ಏರಿದ್ದು ಮೂರು ಅಂಶ, ಸ್ಥಾನಗಳು ಏರಿದ್ದು 65ರಿಂದ 178ಕ್ಕೆ. ಶೇ 44 ಮತಕ್ಕೆ ಸದನದ ಹತ್ತಿರಹತ್ತಿರ ಶೇ 80 ಸ್ಥಾನ! ಜನ ಇದ್ದಕ್ಕಿದ್ದಂತೆ ಕಾಂಗ್ರೆಸ್ಸಿನತ್ತ ನುಗ್ಗಿ ಬಂದದ್ದರಿಂದ ಆದದ್ದಲ್ಲ ಇದು. ಎದುರಿಗಿದ್ದ ಜನತಾ ಪರಿವಾರ ಒಡೆದು ಹೋಳಾಗಿತ್ತು. ಒಡೆದ ಬಣಗಳಲ್ಲಿ ದೊಡ್ಡದಾಗಿದ್ದ ಜನತಾದಳಕ್ಕೆ ಶೇ 27 ಮತ ಬಂದರೂ ದಕ್ಕಿದ್ದು 24 ಸ್ಥಾನ. ದೇಶದ ಮಟ್ಟದಲ್ಲೂ ಹೀಗೆಯೇ. 1984ರಲ್ಲಿ ರಾಜೀವ್ ಗಾಂಧಿಯವರ ಕಾಂಗ್ರೆಸ್ ಅರ್ಧಕ್ಕೂ ಕಡಿಮೆ ಮತಕ್ಕೆ ಲೋಕಸಭೆಯ ಮುಕ್ಕಾಲು ಪಾಲು ಹಿಡಿಯಿತು. 2014ರಲ್ಲಿ ಬಿಜೆಪಿ ಶೇ 31 ಮತಕ್ಕೆ 282 ಸ್ಥಾನ ಪಡೆಯಿತು. ಅದೇ ವರ್ಷ ಉತ್ತರ ಪ್ರದೇಶದಲ್ಲಿ ಐವರಲ್ಲಿ ಒಬ್ಬ ಮತದಾರ ಬಿಎಸ್‌ಪಿಗೆ ಓಟು ಹಾಕಿದ್ದ, ಆ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಇವತ್ತು ಲಾಭ ಪಡೆದವರು ನಾಳೆ ನಷ್ಟ ಅನುಭವಿಸಿದ್ದಾರೆ. ಗೆದ್ದಾಗ ಯಾರೂ ಈ ಮಾತು ಎತ್ತುವುದಿಲ್ಲ, ಸೋತಾಗ ಎತ್ತಿದರೆ ಯಾರೂ ಕೇಳುವುದಿಲ್ಲ. ನಲವತ್ತು ವರ್ಷ ಹೀಗೇ ಕಳೆದಿದೆ.

ಹಾಗಾದರೆ ಯಾಕೆ ಹೀಗಾಗುತ್ತದೆ? ನಮ್ಮಲ್ಲಿ ಪ್ರತಿ ಕ್ಷೇತ್ರದಲ್ಲೂ ಉಳಿದವರಿಗಿಂತ ಒಂದು ಓಟು ಹೆಚ್ಚು ಪಡೆದವನೇ ಗೆದ್ದಂತೆ. ಅರ್ಧ ದಾಟಬೇಕೆಂಬ ನಿಯಮವಿಲ್ಲ. ಸೋತ ಅಭ್ಯರ್ಥಿಗಳಿಗೆ ಬಿದ್ದ ಮತಗಳು, ಗೆದ್ದವನಿಗೆ ಅಗತ್ಯಕ್ಕಿಂತ ಹೆಚ್ಚು ಬಿದ್ದ ಮತಗಳು, ಎರಡೂ ಆ ಕ್ಷೇತ್ರದ ಗಡಿ ದಾಟಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಎಷ್ಟು ಮತ ಎನ್ನುವಷ್ಟೇ ಮುಖ್ಯ, ಆ ಮತ ಎಲ್ಲಿ ಬಿದ್ದವು ಎನ್ನುವುದು. ಹೊಲದ ತುಂಬ ತೆಳ್ಳಗೆ ಹರಿದ ನೀರು ನೆಲ ನೆನೆಸಿ ಹೋಗುತ್ತದೆ, ಒಡ್ಡಿನೊಳಗೆ ನಿಂತ ನೀರು ಬೆಳೆ ತರುತ್ತದೆ. ಕಾಂಗ್ರೆಸ್ಸಿಗೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಕಡೆ ಮತ ಇದೆ, ಗೆಲ್ಲದ ಕಡೆ ಅದು ಎರಡನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಎರಡನೆಯ ಸ್ಥಾನಕ್ಕೆ ಸೀಟಿಲ್ಲ. ಬಿಜೆಪಿಗೆ ಹಳೆ ಮೈಸೂರಿನ ಒಕ್ಕಲಿಗ ಸೀಮೆಯಲ್ಲಿ ಮತ ಬಹಳ ಕಡಿಮೆ, ಹಲವು ಕಡೆ ಠೇವಣಿ ಉಳಿಯುವುದೇ ಕಷ್ಟ. ಆದರೆ ಅಲ್ಲಿ ಕಳೆದುಕೊಳ್ಳುವ ಮತವೂ ಕಡಿಮೆಯೇ. ಕರಾವಳಿ, ಮಲೆನಾಡು, ಕಿತ್ತೂರು ಕರ್ನಾಟಕ, ಬೆಂಗಳೂರುಗಳಲ್ಲಿ ಅದರ ಮತ ಗುಂಪಾಗಿದೆ. ಜೆಡಿಎಸ್ಸಿನ ಬಲ ಮಂಡ್ಯ, ಹಾಸನ, ತುಮಕೂರು ಸೀಮೆಯಲ್ಲಿ ಒಟ್ಟಾಗಿದೆ.

2018 ಮತ್ತು 2023ನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಯಂತ್ರ ಹೇಗೆ ತಿರುಗುತ್ತದೆ ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ಬಿಜೆಪಿಯ ಮತ 2018ರಲ್ಲಿ ಶೇ 36 ಚಿಲ್ಲರೆ, 2023ರಲ್ಲೂ ಶೇ 36. ಹೆಚ್ಚುಕಡಿಮೆ ಒಂದೇ. ಆದರೆ ಸ್ಥಾನ 104ರಿಂದ 66ಕ್ಕೆ ಬಿತ್ತು. ತನ್ನ ಮತದಾರರನ್ನು ಕಳೆದುಕೊಳ್ಳದೆಯೇ 38 ಶಾಸಕರನ್ನು ಕಳೆದುಕೊಂಡಿತು! ಜೆಡಿಎಸ್ ಶೇ 18ರಿಂದ ಶೇ 13ಕ್ಕೆ ಇಳಿಯಿತು, ಕಾಂಗ್ರೆಸ್ ಶೇ 38ರಿಂದ ಶೇ 43ರ ಹತ್ತಿರಕ್ಕೆ ಏರಿತು. ರಾಜ್ಯದ ಒಟ್ಟು ಲೆಕ್ಕದಲ್ಲಿ ನೋಡಿದರೆ ಆ ಐದು ಅಂಶ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಂತಾಯಿತು, ಮೂರನೆಯವನ ಮನೆ ಕುಸಿಯಿತು. ‘ಬಿಜೆಪಿಯನ್ನು ಜನ ತಿರಸ್ಕರಿಸಿದರು’ ಎಂದು 2023ರಲ್ಲಿ ಬಂದ ತಲೆಬರಹಗಳು, ‘ಬಿಜೆಪಿಗೆ ಜನ ಒಲಿದರು’ ಎಂದು 2018ರಲ್ಲಿ ಬಂದ ತಲೆಬರಹಗಳು, ಎರಡಕ್ಕೂ ಆಧಾರವಾದ ಮತ ಅದೇ ಶೇ 36. ನಮ್ಮ ಪತ್ರಿಕಾ ವೃತ್ತಿಯವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ರಾಜ್ಯದ ಈ ಕತೆ ನಮ್ಮ ಜಿಲ್ಲೆಯಲ್ಲಿ ಚಿಕ್ಕದಾಗಿ, ಆದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಯಾದಗಿರಿ ಜಿಲ್ಲೆಗೆ ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್ ಎಂಬ ನಾಲ್ಕೇ ವಿಧಾನಸಭಾ ಕ್ಷೇತ್ರ. 2018ರಲ್ಲಿ ಸುರಪುರ ಮತ್ತು ಯಾದಗಿರಿ ಬಿಜೆಪಿಗೆ, ಶಹಾಪುರ ಕಾಂಗ್ರೆಸ್ಸಿಗೆ, ಗುರುಮಠಕಲ್ ಜೆಡಿಎಸ್ಸಿಗೆ ಹೋದವು. 2023ರಲ್ಲಿ ಮೂರು ಕಾಂಗ್ರೆಸ್ಸಿಗೆ, ಗುರುಮಠಕಲ್ ಮತ್ತೆ ಜೆಡಿಎಸ್ಸಿಗೆ, ಬಿಜೆಪಿಗೆ ಸೊನ್ನೆ. ಸುರಪುರ, ಶಹಾಪುರಗಳಲ್ಲಿ ಗೆಲುವಿನ ಅಂತರ 25 ಸಾವಿರದ ಆಸುಪಾಸು ಇತ್ತು, ಅಲ್ಲಿ ತಕರಾರಿಲ್ಲ. ಯಾದಗಿರಿಯಲ್ಲಿ ಮಾತ್ರ ಚನ್ನಾರೆಡ್ಡಿ ಪಾಟೀಲ ತುನ್ನೂರ ಅವರು ವೆಂಕಟರೆಡ್ಡಿ ಮುದ್ನಾಳರಿಗಿಂತ ಮುಂದಿದ್ದದ್ದು ನಾಲ್ಕು ಸಾವಿರಕ್ಕೂ ಕಡಿಮೆ ಮತದಿಂದ. ಗುರುಮಠಕಲ್‌ನಲ್ಲಿ ಶರಣಗೌಡ ಕಂದಕೂರರು ಬಾಬುರಾವ್ ಚಿಂಚನಸೂರರನ್ನು ಸೋಲಿಸಿದ್ದು ಅದಕ್ಕಿಂತಲೂ ಕಡಿಮೆ ಅಂತರದಲ್ಲಿ. ಯಾದಗಿರಿಯಲ್ಲಿ ಗೆದ್ದ ಅಭ್ಯರ್ಥಿಯ ಮತ ಚಲಾವಣೆಯಾದ ಮತಗಳ ಅರ್ಧದಿಂದ ದೂರವೇ ಉಳಿಯಿತು. ಅಂದರೆ ಗೆದ್ದವರನ್ನು ಬೇಡವೆಂದವರೇ ಹೆಚ್ಚು. ಗೆದ್ದವರ ತಪ್ಪು ಇದರಲ್ಲಿ ಏನೂ ಇಲ್ಲ. ನಿಯಮ ಏನು ಕೇಳಿತೋ ಅದನ್ನು ಅವರು ಪೂರೈಸಿದ್ದಾರೆ.

ಚದುರಿದ ಮತ ಮತ್ತು ಗುಂಪಾದ ಮತದ ವ್ಯತ್ಯಾಸಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. 2004ರಲ್ಲಿ ವಿಜಯ ಸಂಕೇಶ್ವರರು ಕನ್ನಡನಾಡು ಪಕ್ಷ ಕಟ್ಟಿ ರಾಜ್ಯದ ಹಲವು ಕಡೆ ಅಭ್ಯರ್ಥಿಗಳನ್ನು ನಿಲ್ಲಿಸಿದರು. ಗೆದ್ದದ್ದು ಒಂದೇ ಕಡೆ, ಅದು ಸುರಪುರ. ಗೆದ್ದವರು ರಾಜುಗೌಡ ಎಂದೇ ಹೆಸರಾದ ನರಸಿಂಹ ನಾಯಕ. ಪಕ್ಷ ಉಳಿಯಲಿಲ್ಲ, ನಾಯಕರು ಉಳಿದರು. 2013ರಲ್ಲಿ ಬಿಜೆಪಿಯಿಂದ ಹೊರಬಂದ ಯಡಿಯೂರಪ್ಪನವರ ಕೆಜೆಪಿ ರಾಜ್ಯದಲ್ಲಿ ಶೇ 10ರ ಹತ್ತಿರ ಮತ ಪಡೆಯಿತು, ಹತ್ತರಲ್ಲಿ ಒಬ್ಬ ಮತದಾರ! ಸಿಕ್ಕಿದ್ದು ಆರು ಸ್ಥಾನ. ಆ ಆರರಲ್ಲಿ ಮೂರು ನಮ್ಮ ಕಡೆಯವೇ: ಬೀದರ್, ಆಳಂದ ಮತ್ತು ನಮ್ಮ ಶಹಾಪುರ. ಉಳಿದ ಕಡೆಯ ಕೆಜೆಪಿ ಮತಗಳು ಬಿಜೆಪಿಯನ್ನು ಸೋಲಿಸಲು ಸಾಕಾದವು, ತಾವು ಗೆಲ್ಲಲು ಸಾಲಲಿಲ್ಲ. ಆ ವರ್ಷ ಬಿಜೆಪಿ ಮತ್ತು ಜೆಡಿಎಸ್ ತಲಾ 40ಕ್ಕೆ ನಿಂತದ್ದು, ಕಾಂಗ್ರೆಸ್ ಶೇ 37ಕ್ಕೂ ತುಸು ಕಡಿಮೆ ಮತದಲ್ಲಿ 122 ಸ್ಥಾನ ಗೆದ್ದದ್ದು ಇದೇ ಕಾರಣಕ್ಕೆ.

ಗಡಿಗೆರೆಗಳ ಮಾತೂ ಇದೆ. 1952ರಲ್ಲಿ, ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಯಾದಗಿರಿ ಹೆಸರಿನ ಲೋಕಸಭಾ ಕ್ಷೇತ್ರವಿತ್ತು. ಕೃಷ್ಣಾಚಾರ್ಯ ಜೋಶಿ ಅಲ್ಲಿಂದ ಗೆದ್ದಿದ್ದರು. ಈಗ ಜಿಲ್ಲೆಯ ಮೂರು ಕ್ಷೇತ್ರಗಳು ರಾಯಚೂರಿಗೆ, ಗುರುಮಠಕಲ್ ಕಲಬುರಗಿಗೆ ಸೇರಿವೆ. ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರವರೆಗೆ ಸತತ ಎಂಟು ಸಲ ಗೆದ್ದ ಗುರುಮಠಕಲ್, 2008ರ ಮರುವಿಂಗಡಣೆಯಲ್ಲಿ ಮೀಸಲು ಕ್ಷೇತ್ರದಿಂದ ಸಾಮಾನ್ಯ ಕ್ಷೇತ್ರವಾಯಿತು, ಅವರು ಚಿತ್ತಾಪುರಕ್ಕೆ ಹೋದರು. ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. 2001ರ ಜನಗಣತಿಯ ಮೇಲೆ ಎಳೆದ ಆ ಗೆರೆಗಳೇ ಇವತ್ತಿಗೂ ನಡೆಯುತ್ತಿವೆ. ಅಷ್ಟರಲ್ಲಿ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದ ಮತದಾರರು ಆರು ಲಕ್ಷ ದಾಟಿದ್ದಾರೆ, ಶೃಂಗೇರಿಯವರು ಎರಡು ಲಕ್ಷವೂ ಇಲ್ಲ. ಇಬ್ಬರಿಗೂ ಒಬ್ಬೊಬ್ಬನೇ ಶಾಸಕ. ಒಂದು ಓಟಿನ ತೂಕ ಬೆಂಗಳೂರು ದಕ್ಷಿಣದಲ್ಲಿ ಒಂದು, ಶೃಂಗೇರಿಯಲ್ಲಿ ಮೂರಕ್ಕೂ ಹೆಚ್ಚು. ನಮ್ಮ ಸೀಮೆಯಿಂದ ಗುಳೆ ಹೋದವರ ಕತೆ ಬೇರೆ: ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡ ಕೆಲಸದಲ್ಲಿರುವವರ ಹೆಸರು ಇಲ್ಲಿಯ ಪಟ್ಟಿಯಲ್ಲಿದೆ, ಜೀವ ಅಲ್ಲಿದೆ. ಮತದಾನದ ಹಿಂದಿನ ದಿನ ಯಾರೋ ವಾಹನ ಮಾಡಿ ಕರೆತಂದರೆ ಅವರ ಓಟು ಬೀಳುತ್ತದೆ, ಇಲ್ಲವಾದರೆ ಇಲ್ಲ. ನಾಲ್ಕು ಸಾವಿರದ ಅಂತರದಲ್ಲಿ ತೀರ್ಮಾನವಾಗುವ ಕ್ಷೇತ್ರದಲ್ಲಿ ಯಾರು ಎಷ್ಟು ಬಸ್ಸು ಕಳಿಸಿದರು ಎಂಬುದು ಜನಮತಕ್ಕಿಂತ ದೊಡ್ಡದಾಗಿಬಿಡಬಹುದು. ಇದು ನಮ್ಮನ್ನು ನಿಜವಾಗಿ ನೋಯಿಸುವ ವಿಷಯ.

ಈ ಪದ್ಧತಿಯನ್ನು ಸಮರ್ಥಿಸುವವರು ಒಂದು ಮಾತು ಹೇಳುತ್ತಾರೆ: ಲೆಕ್ಕ ಸ್ವಲ್ಪ ಓರೆಯಾದರೂ ಗಟ್ಟಿ ಸರ್ಕಾರ ಸಿಗುತ್ತದೆ. 1949ರ ಜನವರಿಯಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಕಾಜಿ ಕರೀಮುದ್ದೀನ್ ಮತಕ್ಕೆ ತಕ್ಕ ಪ್ರಾತಿನಿಧ್ಯ ಕೊಡುವ ಪದ್ಧತಿ ಬೇಕೆಂದು ತಿದ್ದುಪಡಿ ತಂದಾಗ ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಅಕ್ಷರ ಬಾರದ ಜನ ಹೆಚ್ಚಿರುವ ದೇಶಕ್ಕೆ ಅದು ಹೊಂದುವುದಿಲ್ಲ, ಶಾಸನಸಭೆ ಚೂರುಚೂರಾಗಿ ಸರ್ಕಾರ ನಿಲ್ಲುವುದು ಕಷ್ಟವಾಗುತ್ತದೆ ಎಂಬ ಎರಡು ಕಾರಣ ಅವರವು. ಆಗಿನ ಸ್ಥಿತಿಯಲ್ಲಿ ಎರಡೂ ತೂಕದ ಮಾತು. ಆದರೆ ಕರ್ನಾಟಕಕ್ಕೆ ಈ ಪದ್ಧತಿ ಸ್ಥಿರತೆ ಕೊಟ್ಟಿತೇ? 2004ರಿಂದ 2013ರೊಳಗೆ ಐದು ಮಂದಿ ಮುಖ್ಯಮಂತ್ರಿಗಳಾದರು, ನಡುವೆ ರಾಷ್ಟ್ರಪತಿ ಆಳ್ವಿಕೆಯೂ ಬಂತು. 2018ರಲ್ಲಿ ಯಡಿಯೂರಪ್ಪನವರು ಮೇ 17ಕ್ಕೆ ಪ್ರಮಾಣ ಸ್ವೀಕರಿಸಿ 19ಕ್ಕೆ ರಾಜೀನಾಮೆ ಕೊಟ್ಟರು. ನಂತರ ಬಂದ ಕುಮಾರಸ್ವಾಮಿ ಸರ್ಕಾರ ಹದಿನಾಲ್ಕು ತಿಂಗಳಲ್ಲಿ ಬಿತ್ತು, 17 ಶಾಸಕರು ಅನರ್ಹರಾದರು. ಸೀಟುಗಳು ಬಹುಮತದ ಗೆರೆಯ ಹತ್ತಿರ ಬಂದು ನಿಂತಾಗ ಒಬ್ಬೊಬ್ಬ ಶಾಸಕನ ಬೆಲೆ ಏರುತ್ತದೆ. ಎದುರು ಪಕ್ಷದ ಶಾಸಕರನ್ನು ಸೆಳೆದುಕೊಳ್ಳುವ ‘ಆಪರೇಷನ್ ಕಮಲ’ ಎಂಬ ಮಾತು ಈ ರಾಜ್ಯದಲ್ಲಿ ಹುಟ್ಟಿದ್ದು 2008ರಲ್ಲಿ, ಮೂರು ಸ್ಥಾನ ಕಡಿಮೆ ಬಿದ್ದಾಗ. ಓರೆಯಾದ ಲೆಕ್ಕವೂ ಉಳಿಯಿತು, ಸ್ಥಿರತೆಯೂ ಬರಲಿಲ್ಲ.

ಅಕ್ಷರದ ಮಾತೂ ಅಷ್ಟೇ ಸೂಕ್ಷ್ಮವಾದದ್ದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ. ಹಾಗೆಂದು ನಮ್ಮ ಜನರಿಗೆ ಎರಡನೆಯ ಆಯ್ಕೆ ಯಾರು ಎಂದು ಹೇಳುವುದು ಗೊತ್ತಿಲ್ಲವೆ? ಜೋಳದ ಹೊಲದಲ್ಲಿ ಕಳೆ ತೆಗೆಯುವ ಅವ್ವನನ್ನು ಕೇಳಿ, ‘ಅವ ಇಲ್ಲಂದ್ರ ಇವ, ಆದ್ರ ಅವ ಮಾತ್ರ ಬ್ಯಾಡ’ ಎಂದು ಮೂರು ಹೆಸರು ಕ್ರಮವಾಗಿ ಹೇಳುತ್ತಾಳೆ. ಪಪುವಾ ನ್ಯೂಗಿನಿಯಲ್ಲಿ ನೂರಾರು ಕುಲಗಳು, ನೂರಾರು ಭಾಷೆಗಳು, ಓದು ಬರಹವೂ ಕಡಿಮೆ. ಅಲ್ಲಿ ನಮ್ಮಂಥದೇ ಪದ್ಧತಿಯಲ್ಲಿ 2002ರಲ್ಲಿ ಅನೇಕರು ಶೇ 20ಕ್ಕೂ ಕಡಿಮೆ ಮತಕ್ಕೆ ಗೆದ್ದುಬಂದರು. ಅದಾದ ಮೇಲೆ ಅವರು ಮತದಾರನಿಗೆ ಮೂರು ಹೆಸರನ್ನು ಕ್ರಮವಾಗಿ ಸೂಚಿಸುವ ಅವಕಾಶ ಕೊಟ್ಟರು. 2007ರಿಂದ ಅಲ್ಲಿಯ ಸಾರ್ವತ್ರಿಕ ಚುನಾವಣೆಗಳು ಹಾಗೆಯೇ ನಡೆಯುತ್ತಿವೆ. ಪಕ್ಕದ ಶ್ರೀಲಂಕಾದಲ್ಲಿ ಅಧ್ಯಕ್ಷರ ಚುನಾವಣೆಗೆ ಮತದಾರ 1, 2, 3 ಎಂದು ಗುರುತಿಸಬಹುದು. 2024ರಲ್ಲಿ ಯಾರೂ ಅರ್ಧ ದಾಟದಿದ್ದಾಗ ಮೊದಲ ಸಲ ಎರಡನೆಯ ಪ್ರಾಶಸ್ತ್ಯ ಎಣಿಸಿ ಅನುರ ಕುಮಾರ ದಿಸ್ಸಾನಾಯಕೆ ಗೆದ್ದರೆಂದು ಘೋಷಿಸಿದರು. ನ್ಯೂಜಿಲೆಂಡಿನ ಪಾಠ ನಮಗೆ ಇನ್ನೂ ಹತ್ತಿರದ್ದು. 1978 ಮತ್ತು 1981ರಲ್ಲಿ ಅಲ್ಲಿಯ ಲೇಬರ್ ಪಕ್ಷ ಹೆಚ್ಚು ಮತ ಪಡೆದೂ ಎರಡು ಸಲ ವಿರೋಧ ಪಕ್ಷದಲ್ಲಿ ಕೂತಿತು. ಜನ ಸುಮ್ಮನಿರಲಿಲ್ಲ. ಆಯೋಗ ಕೂತಿತು, 1993ರಲ್ಲಿ ಜನಮತಗಣನೆ ನಡೆಯಿತು, 1996ರಿಂದ ಮಿಶ್ರ ಪದ್ಧತಿ ಬಂತು: ಒಂದು ಓಟು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಅಲ್ಲಿ ಎರಡು ಸಲಕ್ಕೆ ಎಚ್ಚರವಾಯಿತು, ನಮ್ಮಲ್ಲಿ ನಾಲ್ಕು ಸಲವಾದರೂ ಇಲ್ಲ.

ನಮ್ಮ ದೇಶದ ಕಾನೂನು ಆಯೋಗವೂ 1999ರ ತನ್ನ 170ನೆಯ ವರದಿಯಲ್ಲಿ ಇದೇ ದಾರಿಯ ಒಂದು ಸಲಹೆ ಕೊಟ್ಟಿತ್ತು. ಈಗಿರುವ ಕ್ಷೇತ್ರಗಳು ಹಾಗೆಯೇ ಇರಲಿ, ಅದರ ಮೇಲೆ ಶೇ 25 ಸ್ಥಾನ ಹೆಚ್ಚಿಸಿ ಅವನ್ನು ಪಕ್ಷಗಳಿಗೆ ಬಿದ್ದ ಮತಕ್ಕೆ ತಕ್ಕಂತೆ ಪಟ್ಟಿಯಿಂದ ತುಂಬಬೇಕು ಎಂದು. ವರದಿ ಕಪಾಟು ಸೇರಿತು. ಪೂರ್ತಿ ಪಟ್ಟಿಯ ಪದ್ಧತಿ ನಮಗೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಕುಡಿಯುವ ನೀರು, ಆಸ್ಪತ್ರೆಯ ಡಾಕ್ಟರು, ಹಳ್ಳಕ್ಕೊಂದು ಸೇತುವೆ ಎಂದು ಹೋಗಿ ಕೇಳಲು ಹಳ್ಳಿಯವನಿಗೆ ತನ್ನದೇ ಒಬ್ಬ ಶಾಸಕ ಬೇಕು. ಬೆಂಗಳೂರಿನಲ್ಲಿ ಪಕ್ಷದ ಕಚೇರಿ ತಯಾರಿಸಿದ ಪಟ್ಟಿಯಲ್ಲಿ ಯಾದಗಿರಿಯವರ ಹೆಸರು ಎಷ್ಟನೆಯದಾಗಿರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಮಿಶ್ರ ಪದ್ಧತಿ ಕ್ಷೇತ್ರದ ಶಾಸಕ, ಮತಕ್ಕೆ ತಕ್ಕ ಸ್ಥಾನ ಎರಡನ್ನೂ ಕಾಪಾಡುತ್ತದೆ. ಅದಕ್ಕೆ ಸಂಸತ್ತು ಮನಸ್ಸು ಮಾಡಬೇಕು, ಅದು ಬೇಗ ಆಗುವ ಕೆಲಸವಲ್ಲ.

ಬೇಗ ಆಗಬಹುದಾದದ್ದು ಒಂದಿದೆ, ಅದು ನಮ್ಮ ಕೈಗೆ ಹತ್ತಿರವೇ ಇದೆ. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರ, ಈಶಾನ್ಯ ಶಿಕ್ಷಕರ ಕ್ಷೇತ್ರಗಳಲ್ಲಿ ಯಾದಗಿರಿಯ ಪದವೀಧರರು ಮತ್ತು ಮೇಷ್ಟ್ರುಗಳು ಬಹಳ ಕಾಲದಿಂದ ಪ್ರಾಶಸ್ತ್ಯದ ಮತವನ್ನೇ ಹಾಕುತ್ತಿದ್ದಾರೆ. ಅಲ್ಲಿ ಮತಯಂತ್ರವಿಲ್ಲ, ಕಾಗದದ ಮತಪತ್ರ. ಮತಗಟ್ಟೆಯ ಅಧಿಕಾರಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. ಮೊದಲು ಬೇಕಾದವರ ಮುಂದೆ 1, ಆಮೇಲೆ ಇಷ್ಟವಿದ್ದರೆ 2, 3. ಅಕ್ಷರದಲ್ಲಿ ‘ಒಂದು’ ಎಂದು ಬರೆದರೂ, ಸರಿ ಗುರುತು ಹಾಕಿದರೂ, ಸಹಿ ಮಾಡಿದರೂ ಮತ ಕುಲಗೆಡುತ್ತದೆ. ಎಣಿಕೆಯಲ್ಲಿ ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಪತ್ರಗಳಲ್ಲಿ 2 ಯಾರಿಗಿದೆ ಎಂದು ನೋಡಿ ಹಂಚುತ್ತಾರೆ. ಹೀಗೆ ಸುತ್ತಿನ ಮೇಲೆ ಸುತ್ತು, ಒಬ್ಬ ಮುಂದೆ ಬರುವತನಕ. ಎಣಿಕೆಗೆ ಒಂದು ರಾತ್ರಿ ಹೆಚ್ಚು ಹಿಡಿಯಬಹುದು, ವರ್ಷಗಟ್ಟಲೆಯ ಪ್ರಾತಿನಿಧ್ಯಕ್ಕೆ ಒಂದು ರಾತ್ರಿ ದುಬಾರಿಯಲ್ಲ. ಪದವೀಧರನಿಗೆ ಸಿಕ್ಕ ಈ ಅವಕಾಶ ಅಬ್ಬೆತುಮಕೂರಿನ ರೈತನಿಗೆ, ಕೂಲಿಯವಳಿಗೆ ಯಾಕಿಲ್ಲ?

ಒಂದು ಮಾತು ಬಿಚ್ಚಿ ಹೇಳಬೇಕು. ಪ್ರಾಶಸ್ತ್ಯದ ಮತದಿಂದ ರಾಜ್ಯದ ಒಟ್ಟು ಮತಕ್ಕೂ ಸೀಟಿಗೂ ತಾಳೆ ಬಂದೇ ಬರುತ್ತದೆ ಎಂದಲ್ಲ, ಅದಕ್ಕೆ ಮಿಶ್ರ ಪದ್ಧತಿಯೇ ಬೇಕು. ಆದರೆ ಮೂರರಲ್ಲಿ ಒಂದು ಪಾಲು ಮತಕ್ಕೆ ಗೆದ್ದು ಉಳಿದ ಎರಡು ಪಾಲನ್ನು ಮರೆಯುವ ಚಟಕ್ಕೆ ಅದು ಕಡಿವಾಣ ಹಾಕುತ್ತದೆ. ಮತ ಒಡೆಯಲೆಂದೇ ನಿಲ್ಲಿಸುವ ಡಮ್ಮಿ ಅಭ್ಯರ್ಥಿಗಳಿಗೆ ಕೆಲಸವಿಲ್ಲದಂತಾಗುತ್ತದೆ. ಎದುರಾಳಿಯ ಮತದಾರನ ಎರಡನೆಯ ಪ್ರಾಶಸ್ತ್ಯವೂ ಬೇಕಾದಾಗ ಅವನ ಜಾತಿಯನ್ನು, ಓಣಿಯನ್ನು ಬೈದು ಭಾಷಣ ಮಾಡುವ ಧೈರ್ಯ ಯಾರಿಗೂ ಬರುವುದಿಲ್ಲ. ಚುನಾವಣೆಯ ಹೊತ್ತಿಗೆ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಗದ್ದುಗೆಗೆ ಎಲ್ಲ ಪಕ್ಷದವರೂ ಬಂದು ಒಂದೇ ಸಾಲಿನಲ್ಲಿ ನಿಂತು ನಮಸ್ಕರಿಸುವ ಸೀಮೆ ಇದು. ಅಲ್ಲಿಂದ ಹೊರಗೆ ಬಂದ ಮೇಲೂ ಅಷ್ಟೇ ಸೌಜನ್ಯ ಇರಬೇಕೆಂದು ಬಯಸುವುದು ಹೆಚ್ಚಲ್ಲ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ಇಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಅವುಗಳ ಚುನಾವಣೆ ಹೇಗೆ ನಡೆಯಬೇಕು ಎಂಬ ಕಾನೂನು ದೆಹಲಿಯದಲ್ಲ, 1993ರ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮ. ಅದನ್ನು ತಿದ್ದುವ ಅಧಿಕಾರ ವಿಧಾನಸೌಧದಲ್ಲಿ ಕೂತವರಿಗೆ ಇದೆ. ಆದ್ದರಿಂದ ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್‌ನ ನಾಲ್ವರು ಶಾಸಕರಲ್ಲಿ ನಮ್ಮ ಕೋರಿಕೆ ಇಷ್ಟು. ಮೊದಲು, ಬಾಕಿ ಬಿದ್ದ ಪಂಚಾಯಿತಿ ಚುನಾವಣೆಗಳು ಹೊತ್ತಿಗೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳಿ. ಎರಡನೆಯದಾಗಿ, ಜಿಲ್ಲಾ ಪಂಚಾಯಿತಿ ಕ್ಷೇತ್ರಗಳಲ್ಲಿ ಮತದಾರನಿಗೆ ಮೂರು ಪ್ರಾಶಸ್ತ್ಯ ಕೊಡುವ ತಿದ್ದುಪಡಿಯನ್ನು ಸದನದಲ್ಲಿ ಮಂಡಿಸಿ. ಖಾಸಗಿ ಮಸೂದೆಯಾಗಿಯೇ ಆದರೂ ಸರಿ, ಯಾದಗಿರಿಯ ಹೆಸರಿನಲ್ಲಿ ಆ ಚರ್ಚೆ ಶುರುವಾಗಲಿ. ನಾಲ್ವರೂ ಒಂದೇ ಪಕ್ಷದವರಲ್ಲದಿದ್ದರೂ ಇದಕ್ಕೆ ಒಟ್ಟಿಗೆ ಸಹಿ ಹಾಕಬಹುದು.